ಅಂಗಳದ ತೇವಕ್ಕೆ ಸಿಮೆಂಟು ಮದ್ದಲ್ಲ

ನಮ್ಮ ಮನೆಯ ಹಿತ್ತಿಲಿನಲ್ಲಿ ಒಂದೆಲಗ ತಾನಾಗಿಯೇ ಹಬ್ಬಿಕೊಂಡಾಗ ಮನೆಮಂದಿಯೆಲ್ಲ ಸಂತೋಷಪಟ್ಟೆವು. ತಂಬುಳಿಗೆ ಸೊಪ್ಪು ಕೊಳ್ಳುವುದು ತಪ್ಪಿತಲ್ಲ ಎಂಬ ಸಮಾಧಾನ. ಅದರ ಪಕ್ಕದಲ್ಲಿ ಕೆಸುವೂ ತಲೆಯೆತ್ತಿದಾಗ ಮಾತ್ರ ಅನುಮಾನ ಮೂಡಿತು. ಯಾರೂ ನೀರೆರೆಯದ ಜಾಗದಲ್ಲಿ, ಅದೂ ಬೆಂಗಳೂರಿನ ಮಾರ್ಚ್ ತಿಂಗಳ ಬಿಸಿಲಿನಲ್ಲಿ, ಪಾದ ಹೂತುಹೋಗುವಷ್ಟು ಕೆಸರು ಎಲ್ಲಿಂದ ಬಂತು?

ಇಂಥ ಸಂದರ್ಭದಲ್ಲಿ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ನೆರೆಮನೆಯವರನ್ನು ದೂರಿದೆ. ಅವರ ಒಳಚರಂಡಿಯ ಚೇಂಬರು ನಮ್ಮ ಕಾಂಪೌಂಡಿಗೆ ಆತುಕೊಂಡಿದೆ. ನಿವೃತ್ತ ಮೇಷ್ಟರಾದ ಆ ಹಿರಿಯರು ಮರುಮಾತಾಡದೆ ಮುಚ್ಚಳ ತೆಗೆಸಿ ತೋರಿಸಿದರು. ಒಳಗೆ ಎಲ್ಲವೂ ಸರಾಗವಾಗಿ ಹರಿಯುತ್ತಿತ್ತು. ‘ಕೆಸರಿಗೆ ವಾಸನೆ ಇದೆಯೇ, ನೋಡಿದಿರಾ?’ ಎಂದಷ್ಟೇ ಕೇಳಿದರು. ನಾನು ನೋಡಿರಲಿಲ್ಲ, ನೋಡಿದಾಗ ವಾಸನೆಯೂ ಇರಲಿಲ್ಲ. ಮಳೆಯಿಲ್ಲದ ದಿನಗಳಲ್ಲಿ ವಾಸನೆಯಿಲ್ಲದ ನೀರು ಒಸರುತ್ತಿದೆಯೆಂದರೆ ಮೊದಲು ಸಂಶಯಿಸಬೇಕಾದದ್ದು ನಮ್ಮದೇ ಕೊಳವೆಯನ್ನು, ನಮ್ಮದೇ ಸಂಪನ್ನು.

ಪರೀಕ್ಷೆಗೆ ಖರ್ಚೇನೂ ಇಲ್ಲ. ರಾತ್ರಿ ಹತ್ತಕ್ಕೆ ಸಂಪಿಗೆ ನೀರು ಬರುವ ವಾಲ್ವ್ ಮುಚ್ಚಿ, ಮೋಟಾರು ಚಾಲೂ ಮಾಡದೆ, ನೀರಿನ ಮಟ್ಟಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿದೆ. ಬೆಳಿಗ್ಗೆ ಆರಕ್ಕೆ ನೀರು ಒಂದೂಕಾಲು ಅಂಗುಲ ಇಳಿದಿತ್ತು. ಎಂಟು ಅಡಿ ಉದ್ದ, ಐದು ಅಡಿ ಅಗಲದ ಸಂಪಿನಲ್ಲಿ ಅದು ಸುಮಾರು 118 ಲೀಟರ್. ಅಂದರೆ ದಿನಕ್ಕೆ 350 ಲೀಟರಿಗೂ ಹೆಚ್ಚು. ನೂರು ಕಿಲೋಮೀಟರ್ ದೂರದ ಕಾವೇರಿಯಿಂದ, ಸುಮಾರು ಅರ್ಧ ಕಿಲೋಮೀಟರ್ ಎತ್ತರಕ್ಕೆ ಪಂಪು ಮಾಡಿ ತಂದ ನೀರನ್ನು ನಾನು ಕೆಸುವಿನ ಗಿಡಕ್ಕೆ ಉಣಿಸುತ್ತಿದ್ದೆ! ಇನ್ನೂ ಗಾಬರಿಯ ಸಂಗತಿಯೆಂದರೆ, ನೀರು ಹೊರಹೋಗುವ ಬಿರುಕಿನಿಂದ ಒಳಗೂ ಬರಬಲ್ಲದು. ಸಂಪು ಬರಿದಾಗಿ ಸುತ್ತಲಿನ ಮಣ್ಣು ನೆನೆದಿದ್ದಾಗ ಆ ಕೊಳಕು ಮನೆಮಂದಿಯ ಹೊಟ್ಟೆ ಸೇರುತ್ತದೆ.

ಬಿರುಕು ಮುಚ್ಚಿಸಿದ ಮೇಲೆ ಬೇಸಿಗೆಯ ಕೆಸರು ಒಣಗಿತು. ಆದರೆ ಮಳೆಗಾಲದಲ್ಲಿ ಮತ್ತೆ ಅದೇ ಪಾಡು. ಮೇಷ್ಟರ ಸಲಹೆಯಂತೆ ಒಂದಡಿ ಆಳದ ಗುಂಡಿ ತೋಡಿ, ನೀರು ತುಂಬಿ ಇಂಗಲು ಬಿಟ್ಟು, ಮತ್ತೊಮ್ಮೆ ತುಂಬಿದೆ. ಎರಡನೆಯ ಸಲದ ನೀರು ಮರುದಿನವೂ ನಿಂತೇ ಇತ್ತು. ಕೆಳಗಿದ್ದದ್ದು ಜೇಡಿಮಣ್ಣು. ‘ಇದು ಕೆರೆಯ ಕೆಳಗಿನ ಗದ್ದೆಯಲ್ಲವೇ? ನೀರು ನಿಲ್ಲಲೆಂದೇ ಇದ್ದ ನೆಲ’ ಎಂದರು ಅವರು. ಬಡಾವಣೆಗೆ ಬಂದು ಹದಿನೈದು ವರ್ಷವಾದರೂ ನನಗೆ ತಿಳಿಯದಿದ್ದ ಇತಿಹಾಸ ಅದು.

ಗುತ್ತಿಗೆದಾರರೊಬ್ಬರು ಸುಲಭೋಪಾಯ ಹೇಳಿದರು: ಎರಡು ಲೋಡು ಮಣ್ಣು ತುಂಬಿಸಿ ಮೇಲೆ ಕಾಂಕ್ರೀಟು ಹಾಕಿಬಿಡಿ. ನನ್ನ ತಕರಾರು ಇರುವುದು ಈ ಉಪಾಯದ ಬಗ್ಗೆಯೇ. ನಾಲ್ವತ್ತು-ಅರವತ್ತರ ನಿವೇಶನದ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ ಸುಮಾರು 2,200 ಲೀಟರ್ ನೀರು. ಕಾಂಕ್ರೀಟು ಅದನ್ನು ಇಲ್ಲವಾಗಿಸುವುದಿಲ್ಲ, ಪಕ್ಕದ ಮನೆಗೆ ದಾಟಿಸುತ್ತದೆ. ಅವರೂ ಅಂಗಳ ಎತ್ತರಿಸಿದರೆ ನೀರು ಮತ್ತೂ ಮುಂದಕ್ಕೆ. ಎತ್ತರಿಸಲು ಶಕ್ತಿಯಿಲ್ಲದವನ ಮನೆಯಲ್ಲಿ, ರಾಜಕಾಲುವೆಯ ದಂಡೆಯ ಗುಡಿಸಲಿನಲ್ಲಿ ಅದು ಕೊನೆಗೊಳ್ಳುತ್ತದೆ. ಇನ್ನು ಕೆಲವರು ಮಳೆನೀರನ್ನು ಒಳಚರಂಡಿಯ ಚೇಂಬರಿಗೇ ತಿರುಗಿಸುತ್ತಾರೆ. ಜೋರು ಮಳೆಯಲ್ಲಿ ಬೀದಿಯ ಮ್ಯಾನ್‌ಹೋಲು ಉಕ್ಕುವುದಕ್ಕೆ ಇದೂ ಒಂದು ಕಾರಣ.

ನಾವು ಮಾಡಿದ್ದು ಬೇರೆ. ಗೋಡೆಯಿಂದ ಆಚೆಗೆ ಹತ್ತು ಅಡಿಗೆ ಎರಡೂವರೆ ಅಂಗುಲದಷ್ಟು ಇಳಿಜಾರು ಕೊಟ್ಟೆವು. ತಗ್ಗಿನಲ್ಲಿ ಕಾಲುವೆ ತೋಡಿ, ಜಲ್ಲಿ ತುಂಬಿ, ನಡುವೆ ತೂತುಗಳುಳ್ಳ ಪೈಪು ಹಾಕಿ, ಕೊನೆಯನ್ನು ಬೀದಿಯ ಮಳೆನೀರಿನ ಚರಂಡಿಗೆ ಬಿಟ್ಟೆವು. ತಾರಸಿಯ ನೀರನ್ನು ಸೋಸಿ ಸಂಪಿಗೆ ಇಳಿಸಿದೆವು. ಮಳೆನೀರು ಸಂಗ್ರಹವನ್ನು 2009ರ ಕಾಯ್ದೆ ತಿದ್ದುಪಡಿ ಕಡ್ಡಾಯಗೊಳಿಸಿದೆ, ನಿಜ. ಆದರೆ ಅಂತರ್ಜಲ ಮೇಲಕ್ಕೇ ಇರುವ ತಗ್ಗು ನೆಲದಲ್ಲಿ ಇಂಗುಗುಂಡಿ ತೋಡಿ ಪ್ರಯೋಜನವಿಲ್ಲ; ಅಲ್ಲಿ ಹಿಡಿದಿಟ್ಟು ಬಳಸುವುದೇ ಸರಿ. ನಿಯಮ ಒಂದೇ ಆದರೂ ನೆಲ ಒಂದೇ ಅಲ್ಲ.

ಧರ್ಮಾಂಬುಧಿ ಕೆರೆಯಲ್ಲಿ ಬಸ್ ನಿಲ್ದಾಣವನ್ನೂ ಸಂಪಂಗಿ ಕೆರೆಯಲ್ಲಿ ಕ್ರೀಡಾಂಗಣವನ್ನೂ ಕಟ್ಟಿಕೊಂಡ ಊರು ನಮ್ಮದು. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆಯ ಆಸುಪಾಸಿನ ಶ್ರೀಮಂತ ಬಡಾವಣೆಗಳ ಜನ ಟ್ರ್ಯಾಕ್ಟರು, ದೋಣಿ ಹತ್ತಿ ಹೊರಬಂದದ್ದನ್ನು ಕಂಡ ಮೇಲೂ ನೀರಿನ ಹಳೆಯ ದಾರಿಯನ್ನು ಕೇಳದೆ ನಿವೇಶನ ಕೊಳ್ಳುತ್ತಿದ್ದೇವೆ. ಹಳ್ಳ, ಕಾಲುವೆ, ಕೆರೆಗಳನ್ನು ಗುರುತಿಸಿದ ಗ್ರಾಮನಕ್ಷೆಗಳು ಭೂಮಾಪನ ಇಲಾಖೆಯಲ್ಲಿವೆ. ಮನೆಯ ನಕ್ಷೆಗೆ ಮಂಜೂರಾತಿ ನೀಡುವ ಮುನ್ನ ಆ ನಕ್ಷೆಯ ಪ್ರತಿಯನ್ನು ಮಾಲೀಕನ ಕೈಗಿಡುವುದು ಪಾಲಿಕೆಗೆ ಅಸಾಧ್ಯದ ಕೆಲಸವೇನಲ್ಲ.

ಮೇಷ್ಟರ ಮನೆಗೆ ಹೋಗಿ ಕ್ಷಮೆ ಕೇಳಿದೆ. ‘ಅದಿರಲಿ, ಒಂದೆಲಗ ಉಳಿದಿದೆಯೇ?’ ಎಂದರು. ಜಲ್ಲಿಯ ಅಂಚಿನಲ್ಲಿ ಒಂದಿಷ್ಟು ಉಳಿದಿತ್ತು. ಬುಡಸಮೇತ ಕಿತ್ತು ಕೊಟ್ಟು ಬಂದೆ.