ಎಲ್ಲೋರದಿಂದ ಒಂದು ನಿಯಮ

ಕಟ್ಟಿ ಆಡುವ ಕಂಪ್ಯೂಟರ್ ಆಟಗಳಲ್ಲಿ ಮೈನ್‌ಕ್ರಾಫ್ಟ್‌ನಷ್ಟು ಜನರನ್ನು ಹಿಡಿದಿಟ್ಟದ್ದು ಇನ್ನೊಂದಿಲ್ಲ. ಸ್ವೀಡನ್ನಿನ ಮಾರ್ಕಸ್ ಪರ್ಸನ್ 2009ರ ಮೇ ತಿಂಗಳಲ್ಲಿ ಅದರ ಮೊದಲ ರೂಪವನ್ನು ಹೊರತಂದರು. 2011ರ ನವೆಂಬರಿನಲ್ಲಿ ಪೂರ್ಣ ಆವೃತ್ತಿ ಬಂತು. 2014ರಲ್ಲಿ ಮೈಕ್ರೋಸಾಫ್ಟ್ 250 ಕೋಟಿ ಡಾಲರ್ ಕೊಟ್ಟು ಅದನ್ನು ಕೊಂಡಿತು. 2023ರ ಹೊತ್ತಿಗೆ 30 ಕೋಟಿ ಪ್ರತಿಗಳು ಮಾರಾಟವಾಗಿದ್ದವು. ಆಟ ಬಹಳ ಸರಳ. ಒಂದು ಮೀಟರ್ ಉದ್ದ, ಅಷ್ಟೇ ಅಗಲ, ಅಷ್ಟೇ ಎತ್ತರದ ಬ್ಲಾಕುಗಳಿಂದಾದ ಒಂದು ಜಗತ್ತು. ಬ್ಲಾಕನ್ನು ಒಡೆಯಬಹುದು, ಬೇಕಾದ ಕಡೆ ಇಡಬಹುದು. ಆಡುವವರೇ ಬರೆದು ಈ ಆಟಕ್ಕೆ ಸೇರಿಸುವ ಭಾಗಗಳಿಗೆ ಮಾಡ್ ಎಂದು ಹೆಸರು. ಎಂಥ ಮಾಡ್ ಬೇಕು ಎಂದು ಮಕ್ಕಳನ್ನು ಕೇಳಿದರೆ ಹೊಸ ಲೋಹ, ಹೊಸ ಕತ್ತಿ, ಹೊಸ ಪ್ರಾಣಿ, ಹೊಸ ಬಣ್ಣದ ಇಟ್ಟಿಗೆ, ಡ್ರ್ಯಾಗನ್ ಎನ್ನುತ್ತಾರೆ. ದೊಡ್ಡವರು ಬರೆಯುವ ಮಾಡ್‌ಗಳಲ್ಲೂ ಬಹುಪಾಲು ಇವೇ.

ಆಟವೊಂದು ನಿಜವಾಗಿ ಹಿಗ್ಗುವುದು ಹೊಸ ವಸ್ತುಗಳಿಂದಲೋ ಹೊಸ ನಿಯಮಗಳಿಂದಲೋ? ನಿಯಮಗಳಿಂದಲೇ ಎಂದು ನಾನು ನಂಬಿದ್ದೇನೆ. ನೂರು ಬಗೆಯ ಹೊಸ ಕಲ್ಲು ಸೇರಿಸಿದರೂ ಆಡುವವನ ಕೈ ಮಾಡುವ ಕೆಲಸ ಅದೇ, ತಲೆ ಯೋಚಿಸುವ ರೀತಿಯೂ ಅದೇ. ಒಂದೇ ಒಂದು ನಿಯಮ ಬದಲಾಯಿತೆನ್ನಿ, ಗೊತ್ತಿದ್ದ ಜಗತ್ತೇ ಹೊಸದಾಗುತ್ತದೆ. ಅಂಥ ನಿಯಮಗಳನ್ನು ಹುಡುಕಿಕೊಂಡು ಹೊರಟವರಿಗೆ ನಾಸಿಕ ಮತ್ತು ಛತ್ರಪತಿ ಸಂಭಾಜಿನಗರಕ್ಕಿಂತ ಒಳ್ಳೆಯ ನೆಲ ಸಿಗುವುದು ಕಷ್ಟ. 2023ರವರೆಗೆ ಔರಂಗಾಬಾದ್ ಆಗಿದ್ದ ಈ ಎರಡನೆಯ ಊರಿನ ಹತ್ತಿರವೇ ಎಲ್ಲೋರ ಇದೆ. ಅಲ್ಲಿಗೆ ಕನ್ನಡಿಗರು ಹೊರಗಿನವರಾಗಿ ಹೋಗಬೇಕಾಗಿಲ್ಲ. ಅಲ್ಲಿಯ 16ನೇ ಗುಹೆಯಾದ ಕೈಲಾಸ ದೇವಾಲಯವನ್ನು ಕಡೆಸಿದವನು ರಾಷ್ಟ್ರಕೂಟರ ಒಂದನೇ ಕೃಷ್ಣ. ಅವನ ವಂಶದ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗ ಕನ್ನಡ ನಾಡಿನ ಉತ್ತರದ ಗಡಿಯೆಂದು ಹೇಳುವುದು ನಾಸಿಕದ ಮೇಲೆ ಹರಿದುಬರುವ ಗೋದಾವರಿಯನ್ನೇ.

ಕೈಲಾಸವನ್ನು ಕಟ್ಟಿಲ್ಲ. ಬೆಟ್ಟದ ಇಳಿಜಾರಿನಲ್ಲಿ ಮೇಲಿನಿಂದ ಕಂದಕಗಳನ್ನು ತೋಡಿ, ನಡುವೆ ಉಳಿದ ಇಡೀ ಬಂಡೆಯನ್ನು ಶಿಖರದಿಂದ ಅಧಿಷ್ಠಾನದವರೆಗೆ ಕಡೆಯುತ್ತಾ ಇಳಿದಿದ್ದಾರೆ. ಅಂಗಳದ ಗುಂಡಿ ಸುಮಾರು 80 ಮೀಟರ್ ಉದ್ದ, 47 ಮೀಟರ್ ಅಗಲ. ಹಿಂಬದಿಯಲ್ಲಿ 30 ಮೀಟರಿಗೂ ಹೆಚ್ಚು ಆಳ. ಹೊರತೆಗೆದ ಕಲ್ಲು ಎರಡು ಲಕ್ಷ ಟನ್ ಎಂಬ ಅಂದಾಜು ರೂಢಿಯಲ್ಲಿದೆ. ಬಸಾಲ್ಟ್ ಶಿಲೆಯ ತೂಕದಿಂದ ಭಾಗಿಸಿದರೆ ಅದು ಸುಮಾರು 70 ಸಾವಿರ ಘನ ಮೀಟರ್, ಅಂದರೆ ಮೈನ್‌ಕ್ರಾಫ್ಟ್‌ನ 70 ಸಾವಿರ ಬ್ಲಾಕು. ವಜ್ರದ ಪಿಕಾಸಿಯಿಂದ ಆಟದಲ್ಲಿ ಒಂದು ಕಲ್ಲು ಒಡೆಯಲು ಸೆಕೆಂಡಿನ ಮೂರನೇ ಒಂದು ಭಾಗವೂ ಬೇಡ. ಒಡೆಯುವ ಹೊತ್ತನ್ನಷ್ಟೇ ಕೂಡಿಸಿದರೆ ಇಡೀ ಗುಂಡಿ ಆರು ಗಂಟೆಯ ಕೆಲಸ. ಒಡೆದ ಕಲ್ಲು ಆಟಗಾರನ ಚೀಲಕ್ಕೆ ಹೋಗುತ್ತದೆ. ಆ ಚೀಲದಲ್ಲಿ 36 ಖಾನೆ, ಖಾನೆಗೆ 64 ಬ್ಲಾಕು. ಬಸಾಲ್ಟಿನ ತೂಕದಲ್ಲಿ ಲೆಕ್ಕ ಹಾಕಿದರೆ ಆರು ಸಾವಿರ ಟನ್ನಿಗೂ ಹೆಚ್ಚು ಬಂಡೆಯನ್ನು ಹೊತ್ತು ಆಟಗಾರ ಓಡುತ್ತಾನೆ, ಈಜುತ್ತಾನೆ, ನೆಗೆಯುತ್ತಾನೆ. ತಪ್ಪಿ ಒಂದು ಕಲ್ಲು ಹೆಚ್ಚು ಒಡೆದರೆ ಮತ್ತೆ ಇಟ್ಟರಾಯಿತು. ಒಡೆದದ್ದು ಒರಟು ಕಲ್ಲಾದರೂ ಕುಲುಮೆಗೆ ಹಾಕಿದರೆ ಮೊದಲಿನಂತಾಗುತ್ತದೆ.

ಎಲ್ಲೋರದ ಶಿಲ್ಪಿಗೆ ಈ ಸೌಕರ್ಯ ಇರಲಿಲ್ಲ. ಅವನ ಪ್ರತಿ ಏಟೂ ಕಡೆಯ ಏಟು. ಮಂಟಪದ ಮಾಡಿನ ಮೇಲೆ ಸಿಂಹ ನಿಲ್ಲಬೇಕೆಂದಿದ್ದರೆ, ಮಂಟಪ ಇನ್ನೂ ಬಂಡೆಯೊಳಗಿರುವಾಗಲೇ ಸಿಂಹದಷ್ಟು ಕಲ್ಲನ್ನು ಮುಟ್ಟದೆ ಬಿಡಬೇಕು. ಕೆಳಗೆ ಸಾಲಾಗಿ ನಿಂತು ಗುಡಿ ಹೊತ್ತಂತೆ ಕಾಣುವ ಆನೆಗಳು ತಮ್ಮ ಸರದಿಗಾಗಿ ವರ್ಷಗಟ್ಟಲೆ ಬಂಡೆಯೊಳಗೇ ಇದ್ದವು. ಎಲ್ಲಿ ಕಡೆಯಬಾರದು ಎಂಬುದನ್ನು ಮೊದಲೇ ತಿಳಿದಿರಬೇಕಾದ ಕೆಲಸ ಇದು. ಕ್ರಿ.ಶ. 812ರ ಬರೋಡಾ ತಾಮ್ರಶಾಸನದಲ್ಲಿ, ಇದನ್ನು ಮಾಡಿ ಮುಗಿಸಿದ ಶಿಲ್ಪಿಯೇ ತಾನಿದನ್ನು ಹೇಗೆ ಮಾಡಿದೆನೋ ಎಂದು ಬೆರಗಾದ ಮಾತು ಬರುತ್ತದೆ. ಮರಾಠಿಯಲ್ಲಿ ಒಂದು ಐತಿಹ್ಯವೂ ಇದೆ: ಶಿಖರ ಕಾಣುವತನಕ ಊಟ ಮುಟ್ಟುವುದಿಲ್ಲ ಎಂದು ರಾಣಿ ಮಾಣಿಕಾವತಿ ಹರಕೆ ಹೊತ್ತಳು, ಬೇರೆ ಶಿಲ್ಪಿಗಳು ಕೈಚೆಲ್ಲಿದಾಗ ಪೈಠಣದ ಕೋಕಸ ಶಿಖರದಿಂದಲೇ ಶುರುಮಾಡಿ ಅವಳ ಉಪವಾಸ ಬಿಡಿಸಿದ. ಕಥೆ ಇದ್ದೀತು; ಆದರೆ ಕೆಲಸದ ಕ್ರಮದಲ್ಲೇ ಕೌಶಲ ಇದೆಯೆಂದು ಗುರುತಿಸಿದ ಕಥೆ ಅದು.

ಹಾಗಾಗಿ ನಾನು ಕೇಳುವ ಮೊದಲ ಮಾಡ್‌ನಲ್ಲಿ ಹೊಸ ವಸ್ತು ಒಂದೂ ಬೇಡ. ಒಡೆದ ಬಂಡೆ ಜಲ್ಲಿಯಾಗಬೇಕು, ಮತ್ತೆ ಬಂಡೆಯಾಗಬಾರದು. ಜಲ್ಲಿಯನ್ನು ಬುಟ್ಟಿಯಲ್ಲಿ ಹೊತ್ತು ಹೊರಗೆ ಸುರಿಯಬೇಕು; ಸುರಿಯಲು ಜಾಗವನ್ನೂ ಹುಡುಕಬೇಕು. ಆಧಾರವಿಲ್ಲದ ಚಾವಣಿ ಕುಸಿಯಬೇಕು. ಮೂಲ ಆಟದಲ್ಲಿ ಮರದ ಕಾಂಡವನ್ನು ಕಡಿದರೂ ರೆಂಬೆ ಗಾಳಿಯಲ್ಲೇ ನಿಂತಿರುತ್ತದೆ. ಮರಳು, ಜಲ್ಲಿಯಂಥ ಕೆಲವೇ ಬ್ಲಾಕುಗಳು ಕೆಳಗೆ ಬೀಳುತ್ತವೆ. ಕೈಲಾಸದ ಅಕ್ಕಪಕ್ಕದ ಬೆಟ್ಟದ ಸಾಲುಮಂಟಪಗಳಿಂದ ನಡುವಿನ ಗುಡಿಗೆ ಒಂದು ಕಾಲಕ್ಕೆ ಇದ್ದ ಕಲ್ಲಿನ ಸೇತುವೆಗಳು ಇವತ್ತು ಬಿದ್ದುಹೋಗಿವೆ. ಆಟ ಆಡುವ ಮಕ್ಕಳಿಗೆ ಆ ಬೀಳುವಿಕೆಯ ಕಾರಣ ಕೈಯಾರೆ ತಿಳಿಯಬೇಕು.

ಇಂಥ ಪ್ರಯತ್ನ ಈಗಾಗಲೇ ನಡೆದಿದೆ. ಟೆರಾಫರ್ಮಾಕ್ರಾಫ್ಟ್ ಎಂಬ ಮಾಡ್‌ನಲ್ಲಿ ಮರದ ಆಸರೆ ಕೊಡದೆ ಗಣಿ ತೋಡಿದರೆ ಮೇಲಿನ ಕಲ್ಲು ಕುಸಿಯುತ್ತದೆ. ಚಿಸಲ್ಸ್ ಅಂಡ್ ಬಿಟ್ಸ್ ಎಂಬುದು ಒಂದು ಬ್ಲಾಕನ್ನು 4096 ಚೂರು ಮಾಡಿ ಉಳಿಯ ಕೆಲಸಕ್ಕೆ ಒದಗಿಸುತ್ತದೆ. ಎರಡೂ ಒಳ್ಳೆಯ ಮಾಡ್‌ಗಳೇ. ಎರಡನೆಯದರಲ್ಲಿ ಮಾತ್ರ ಕೆತ್ತಿ ತೆಗೆದ ಚೂರನ್ನು ಮತ್ತೆ ಅಂಟಿಸಬಹುದು. ಉಳಿಯ ಕೆಲಸ ಬಂತು, ಉಳಿಯ ಭಯ ಬರಲಿಲ್ಲ.

ಹಿಂದಕ್ಕೆ ಹೋಗಲಾಗದ ಈ ಭಯವನ್ನು ಆಟಕ್ಕೆ ಏಕೆ ತರಬೇಕು ಎಂದು ಕೇಳುವವರಿದ್ದಾರೆ, ಅವರ ಮಾತಿನಲ್ಲಿ ತೂಕವಿದೆ. ಶಾಲೆಯಲ್ಲಿ, ಮನೆಯಲ್ಲಿ, ಪರೀಕ್ಷೆಯಲ್ಲಿ ತಪ್ಪಿಗೆ ದಂಡ ಕಟ್ಟುತ್ತಲೇ ಇರುವ ಮಗುವಿಗೆ ತಪ್ಪನ್ನು ಅಳಿಸಬಹುದಾದ ಒಂದು ಜಾಗವಾದರೂ ಇರಲಿ ಎಂಬ ಕಾಳಜಿ ಅದು. ಆ ಜಾಗವನ್ನು ಯಾರೂ ಕಿತ್ತುಕೊಳ್ಳುತ್ತಿಲ್ಲ. ಮೂಲ ಆಟ ಹಾಗೇ ಇರುತ್ತದೆ, ಮಾಡ್ ಬೇಕೆಂದವರು ಹಾಕಿಕೊಳ್ಳುತ್ತಾರೆ. ಕುಂಟೆಬಿಲ್ಲೆ ಆಡುವ ಮಕ್ಕಳನ್ನು ನೋಡಿ. ಗೆರೆ ತುಳಿದರೆ ಔಟ್ ಎಂಬ ನಿಯಮವನ್ನು ಹೊರಗಿನವರು ಹೇರಿದ್ದಲ್ಲ. ಆಟ ಸಪ್ಪೆಯಾಯಿತು ಎನ್ನಿಸಿದಾಗ ಅವರೇ ಕಣ್ಣು ಮುಚ್ಚಿ ನೆಗೆಯಬೇಕು ಎಂಬ ಇನ್ನೊಂದು ಕಟ್ಟಳೆ ಸೇರಿಸಿಕೊಳ್ಳುತ್ತಾರೆ. ತಾನೇ ಒಪ್ಪಿಕೊಂಡ ಕಟ್ಟಳೆಯಲ್ಲಿ ಮಗುವಿಗೆ ಸಿಗುವ ಸುಖ ದಂಡದ ಸುಖವಲ್ಲ, ಗೆದ್ದ ಸುಖ.

ಇನ್ನೊಂದು ಆಕ್ಷೇಪ ನನ್ನನ್ನು ಹೆಚ್ಚು ಕಾಡುತ್ತದೆ. ಇದೆಲ್ಲ ಪಾಠವಾಗಿಬಿಡುತ್ತದೆ, ಆಟವಾಗಿ ಉಳಿಯುವುದಿಲ್ಲ ಎಂಬುದು ಅದು. ಪಾಠವಾಗುವ ಮಾಡ್‌ಗಳು ಇವೆ, ನಿಜ. ಕೈಲಾಸದ ತದ್ರೂಪನ್ನು ಬ್ಲಾಕು ಪೇರಿಸಿ ನಿಲ್ಲಿಸಿ, ಮುಂದೆ ಒಂದು ಫಲಕ ನೆಟ್ಟು, ಕೃಷ್ಣನ ಆಳ್ವಿಕೆಯ ಇಸವಿ ಬರೆದರೆ ಅದು ಪಾಠ. ಅದೂ ತಪ್ಪು ಪಾಠ, ಏಕೆಂದರೆ ಕಳೆದು ಮಾಡಿದ್ದನ್ನು ಕೂಡಿಸಿ ತೋರಿಸಿದೆ. ನಿಯಮವನ್ನಷ್ಟೇ ಕೊಟ್ಟು ಫಲಕವನ್ನು ಬಿಟ್ಟರೆ ಮಗು ತಾನಾಗಿ ಪ್ರಶ್ನೆಗೆ ಬರುತ್ತದೆ. ಈಗ ವಿಡಿಯೋಗಳಲ್ಲಿ ಕೈಲಾಸವನ್ನು ಅನ್ಯಗ್ರಹದವರು ಮಾಡಿದರು, ಬಂಡೆ ಆವಿ ಮಾಡುವ ಯಂತ್ರವಿತ್ತು ಎಂಬ ಮಾತು ಹರಿದಾಡುತ್ತಿದೆ. ಇದು ನಮ್ಮ ಕಲ್ಲುಕುಟಿಗರಿಗೆ ಮಾಡುವ ಅವಮಾನ. ಪುರಾತತ್ವಜ್ಞ ಎಂ. ಕೆ. ಧವಳೀಕರ್ ಅಂದಿನ ಕಡೆಯುವ ವಿಧಾನವನ್ನು ಪರಿಶೀಲಿಸಿ, ಗುಡಿಯ ಮುಖ್ಯಭಾಗ ಕೃಷ್ಣನ ಆಳ್ವಿಕೆಯಲ್ಲೇ ಮುಗಿದಿರಬಹುದು ಎಂಬ ತೀರ್ಮಾನಕ್ಕೆ ಬಂದರು. ಮೇಲಿನಿಂದ ಇಳಿಯುವವನಿಗೆ ಸಾರವೆ ಬೇಡ, ಕಲ್ಲನ್ನು ಎತ್ತರಕ್ಕೆ ಏರಿಸುವ ಗೋಜಿಲ್ಲ, ನೂರಾರು ಜನ ಏಕಕಾಲಕ್ಕೆ ದುಡಿಯಬಹುದು. ಇದನ್ನು ಓದಿ ನಂಬುವುದಕ್ಕೂ ಆಟದ ಇಳಿಜಾರಿನಲ್ಲಿ ಒಂದು ವಾರ ಬುಟ್ಟಿ ಹೊತ್ತು ಕಂಡುಕೊಳ್ಳುವುದಕ್ಕೂ ವ್ಯತ್ಯಾಸವಿದೆ.

ನೀರಿನ ವಿಷಯದಲ್ಲಿ ಆಟ ಇನ್ನೂ ಉದಾರಿ. ಮೈನ್‌ಕ್ರಾಫ್ಟ್‌ನಲ್ಲಿ ಎರಡು ಬಕೆಟ್ ನೀರಿದ್ದರೆ ಮುಗಿಯದ ಬಾವಿ ಸಿದ್ಧ. ಸಮತಟ್ಟಿನಲ್ಲಿ ನೀರು ಏಳು ಬ್ಲಾಕು ಹರಿದು ನಿಲ್ಲುತ್ತದೆ. ಅದಕ್ಕೆ ಒತ್ತಡವಿಲ್ಲ. ಇಥಿಯೋಪಿಯಾದಲ್ಲಿ ಹುಟ್ಟಿ, ಗುಲಾಮನಾಗಿ ಮಾರಾಟವಾಗಿ, ಕೊನೆಗೆ ಅಹ್ಮದ್‌ನಗರದ ನಿಜಾಮ್‌ಶಾಹಿಯನ್ನೇ ನಡೆಸಿದ ಮಲಿಕ್ ಅಂಬರ್ 1610ರಲ್ಲಿ ಖಡ್ಕಿ ಊರನ್ನು ನೆಲೆಗೊಳಿಸಿದ. ಅದೇ ಮುಂದೆ ಔರಂಗಾಬಾದ್ ಆಯಿತು. ಆ ಊರಿಗೆ ಅವನು ನೆಲದಡಿಯ ಕಾಲುವೆಗಳಲ್ಲಿ ನೀರು ತಂದ. ನಹರ್-ಎ-ಅಂಬರಿ ಎಂದು ಇಂದಿಗೂ ಕರೆಯುತ್ತಾರೆ. ಮುಂದೆ ಬಾಬಾ ಶಾಹ್ ಮುಸಾಫಿರ್ ದರ್ಗಾದ ಪನ್‌ಚಕ್ಕಿಗೆ ಕೆಲವು ಕಿಲೋಮೀಟರ್ ದೂರದ ಬುಗ್ಗೆಯಿಂದ ಮಣ್ಣಿನ ಕೊಳವೆಗಳಲ್ಲಿ ಬಂದ ನೀರು ಎತ್ತರದ ಗೋಡೆಯೊಳಗೆ ತಾನಾಗಿ ಏರಿ, ಅಲ್ಲಿಂದ ಧುಮುಕಿ, ಹಿಟ್ಟು ಬೀಸುವ ಕಲ್ಲನ್ನು ತಿರುಗಿಸುತ್ತಿತ್ತು. ನೀರಿನ ಚಕ್ರ, ಹಲ್ಲುಗಾಲಿಗಳನ್ನು 2019ರಲ್ಲಿ ಬಂದ ಕ್ರಿಯೇಟ್ ಎಂಬ ಮಾಡ್ ಚೆನ್ನಾಗಿ ಕೊಟ್ಟಿದೆ. ಬುಗ್ಗೆ ಎಷ್ಟು ಎತ್ತರದಲ್ಲಿದೆಯೋ ಅಷ್ಟರವರೆಗೆ ಕೊಳವೆಯಲ್ಲಿ ನೀರು ಏರುತ್ತದೆ ಎಂಬ ನಿಯಮ ಸೇರಿದರೆ ಪನ್‌ಚಕ್ಕಿ ಆಟದೊಳಗೆ ನಿಜವಾಗಿ ತಿರುಗೀತು.

ಅದಕ್ಕಿಂತ ಕಠಿಣವಾದದ್ದು ಗೋದಾವರಿ. ತ್ರ್ಯಂಬಕೇಶ್ವರದ ಬ್ರಹ್ಮಗಿರಿಯಲ್ಲಿ ಹುಟ್ಟುವ ನದಿಗೆ ನಾಸಿಕದ ಮೇಲ್ಭಾಗದಲ್ಲಿ ಗಂಗಾಪುರ ಅಣೆಕಟ್ಟು, ಕೆಳಗೆ ಪೈಠಣದಲ್ಲಿ ಜಾಯಕವಾಡಿ. ಮೇಲಿನವರಿಗೆ ದ್ರಾಕ್ಷಿ, ಕಬ್ಬು, ಬೆಳೆಯುತ್ತಿರುವ ನಗರ. ಕೆಳಗಿನವರಿಗೆ ಮರಾಠವಾಡದ ಬರ, ಸಂಭಾಜಿನಗರದ ಕುಡಿಯುವ ನೀರು. ಮಹಾರಾಷ್ಟ್ರದ 2005ರ ಜಲಸಂಪನ್ಮೂಲ ನಿಯಂತ್ರಣ ಕಾಯ್ದೆ ಒಂದು ಕಣಿವೆಯ ನೀರು ಎಲ್ಲರಿಗೂ ನ್ಯಾಯವಾಗಿ ಸಿಗಬೇಕೆಂದಿತು. ಮೇಂಢೇಗಿರಿ ಸಮಿತಿಯ ಸೂತ್ರದಂತೆ ಅಕ್ಟೋಬರ್ 15ಕ್ಕೆ ಜಾಯಕವಾಡಿಯ ಸಂಗ್ರಹ ಶೇ. 65ಕ್ಕಿಂತ ಕಡಿಮೆ ಇದ್ದರೆ ಮೇಲಿನ ಅಣೆಕಟ್ಟುಗಳಿಂದ ನೀರು ಬಿಡಬೇಕು. ವಿವಾದ ಬಾಂಬೆ ಹೈಕೋರ್ಟಿಗೂ ಹೋಯಿತು. ಕಾವೇರಿಯ ಜಗಳ ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಲವರು ಕೂಡಿ ಆಡುವ ಸರ್ವರಿನಲ್ಲಿ ಇಂಥ ಒಂದು ನದಿ ಇರಲಿ: ಮಳೆಗಾಲದಲ್ಲಿ ತುಂಬುವ, ಉಳಿದ ಕಾಲದಲ್ಲಿ ಇಳಿಯುವ, ಎತ್ತಿಕೊಂಡಷ್ಟು ಕಡಿಮೆಯಾಗುವ ನದಿ. ಗುಂಪುಗಳು ಸೂತ್ರವನ್ನು ತಾವೇ ಮಾಡಿಕೊಳ್ಳಲಿ. ಒಂದು ಸಲ ಮೇಲೆ ಆಡಿದ ಗುಂಪು ಮುಂದಿನ ಸಲ ಕೆಳಗೆ ಆಡಲೇಬೇಕು. ನನಗೆ ಈ ಕೊನೆಯ ಷರತ್ತು ಉಳಿದೆಲ್ಲಕ್ಕಿಂತ ಮುಖ್ಯ.

ನಾಸಿಕದ ಪಾಂಡವಲೇಣಿ ಗುಹೆಗಳಲ್ಲಿ ಮತ್ತೊಂದು ನಿಯಮ ಕಲ್ಲಿನಲ್ಲೇ ಕೊರೆದಿಟ್ಟಿದೆ. ಕ್ಷತ್ರಪ ನಹಪಾನನ ಅಳಿಯ ಉಷವದಾತ 10ನೇ ಗುಹೆಯನ್ನು ಭಿಕ್ಷುಗಳಿಗೆ ಕೊಟ್ಟು ಸುಮ್ಮನಾಗಲಿಲ್ಲ. 3000 ಕಾರ್ಷಾಪಣಗಳನ್ನು ನೇಕಾರರ ಎರಡು ಶ್ರೇಣಿಗಳಲ್ಲಿ ಠೇವಣಿ ಇಟ್ಟ. 2000ಕ್ಕೆ ತಿಂಗಳಿಗೆ ಶೇ. 1ರ ಬಡ್ಡಿ. ವರ್ಷಕ್ಕೆ ಬರುವ 240ರಲ್ಲಿ ಅಲ್ಲಿ ಮಳೆಗಾಲ ಕಳೆಯುವ 20 ಭಿಕ್ಷುಗಳಿಗೆ ತಲಾ 12ರಂತೆ ಬಟ್ಟೆಯ ಹಣ. ಲೆಕ್ಕ ಕಾಸಿಗೆ ಕಾಸು ಹೊಂದುತ್ತದೆ. ಹೆಚ್ಚುಕಡಿಮೆ ಹತ್ತೊಂಬತ್ತು ಶತಮಾನಗಳ ಹಿಂದೆ, ಕಟ್ಟಡವೆಂದರೆ ಅದರ ಮುಂದಿನ ಖರ್ಚೂ ಸೇರಿದ್ದು ಎಂದು ಯೋಚಿಸಿದವರಿದ್ದರು. ಮೈನ್‌ಕ್ರಾಫ್ಟ್‌ನಲ್ಲಿ ಕಟ್ಟಿದ್ದು ಕಟ್ಟಿದ ಹಾಗೇ ಇರುತ್ತದೆ. 2021ರಲ್ಲಿ ಬಂದ ತಾಮ್ರ ಮಾತ್ರ ದಿನ ಕಳೆದಂತೆ ಹಸಿರು ತಿರುಗುತ್ತದೆ. ಮಾಡು ಸೋರುವ, ಗಾರೆ ಉದುರುವ, ಬಾವಲಿ ಸೇರುವ, ಅದನ್ನೆಲ್ಲ ನೋಡಿಕೊಳ್ಳಲು ಊರವರು ಒಂದು ನಿಧಿ ಕೂಡಿಸಬೇಕಾದ ಮಾಡ್ ಯಾಕಾಗಬಾರದು?

ಬರೆಯುವವರು ಯಾರು? ದುಬಾರಿ ಕಂಪ್ಯೂಟರು, ದೊಡ್ಡ ಕಂಪನಿ ಬೇಕಿಲ್ಲ. ಫಿನ್ಲೆಂಡಿನ ಪೆರ್ಟು ಅಹೋಲಾ 2010ರಲ್ಲಿ ಆರಂಭಿಸಿದ ಮೈನ್‌ಟೆಸ್ಟ್, 2024ರಿಂದ ಲುವಾಂಟಿ ಎಂಬ ಹೆಸರಿನಲ್ಲಿ, ಯಾರು ಬೇಕಾದರೂ ಉಚಿತವಾಗಿ ಪಡೆದು ತಿದ್ದಬಹುದಾದ ಇಂಥದ್ದೇ ವೇದಿಕೆ. ಹಳೆಯ ಕಂಪ್ಯೂಟರಿನಲ್ಲೂ ಓಡುತ್ತದೆ. ಅದರ ಮಾಡ್‌ಗಳನ್ನು ಬರೆಯುವ ಲುವಾ ಭಾಷೆಯನ್ನು ಪಿಯುಸಿ ಹುಡುಗರು ಕಲಿಯಬಲ್ಲರು. ಒಡೆದ ಬಂಡೆ ಜಲ್ಲಿಯಾಗಿ ಬೀಳುವ ನಿಯಮ ಅಲ್ಲಿ ಕೆಲವೇ ಸಾಲುಗಳ ಕೆಲಸ.

ಮೊದಲ ಪ್ರಯೋಗಕ್ಕೆ ನನ್ನ ಆಯ್ಕೆ ಇದು. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವನ್ನು ಕ್ರಿ.ಶ. 740ರ ಸುಮಾರಿಗೆ ಚಾಲುಕ್ಯರ ರಾಣಿ ಲೋಕಮಹಾದೇವಿ ಮರಳುಗಲ್ಲಿನಿಂದ ಕಟ್ಟಿಸಿದಳು. ಶಿಲ್ಪಿಯ ಹೆಸರು ಗುಂಡ ಅನಿವಾರಿತಾಚಾರಿ ಎಂದು ಶಾಸನ ಹೇಳುತ್ತದೆ. ಕೆಲವೇ ದಶಕಗಳಲ್ಲಿ, ಚಾಲುಕ್ಯರನ್ನು ಸೋಲಿಸಿದ ರಾಷ್ಟ್ರಕೂಟರು ಅದೇ ಗುಡಿಯ ವಿನ್ಯಾಸದ ಜಾಡಿನಲ್ಲಿ ಕೈಲಾಸವನ್ನು ಕಡೆಸಿದರು. ಹೆಚ್ಚುಕಡಿಮೆ ಒಂದೇ ನಕ್ಷೆ, ವಿರುದ್ಧ ದಿಕ್ಕಿನ ಎರಡು ಕೆಲಸ. ಬಾದಾಮಿಯದೋ ಕಲಬುರಗಿಯದೋ ಒಂದು ಕಾಲೇಜಿನಲ್ಲಿ ಎರಡು ಗುಂಪು ಮಾಡಿ, ವಿರೂಪಾಕ್ಷದ ಒಂದೇ ನಕ್ಷೆಯನ್ನು ಎರಡಕ್ಕೂ ಕೊಡಬೇಕು. ಒಂದು ಗುಂಪಿಗೆ ಕೆಂಪು ಕಲ್ಲಿನ ರಾಶಿ, ಇನ್ನೊಂದಕ್ಕೆ ಬಸಾಲ್ಟ್ ಬೆಟ್ಟದ ಇಳಿಜಾರು. ಕಟ್ಟುವ ಗುಂಪು ಅಡಿಪಾಯದ ಸಾಲು ಇಡುವ ಮೊದಲ ದಿನವೇ ಕಡೆಯುವ ಗುಂಪು ಶಿಖರದ ತುದಿ ಎಲ್ಲಿ, ನಂದಿಗೆ ಎಷ್ಟು ಕಲ್ಲು ಬಿಡಬೇಕು, ಜಲ್ಲಿ ಎತ್ತ ಸುರಿಯಬೇಕು ಎಂದು ಕೂತು ಚರ್ಚಿಸಿ ತೀರ್ಮಾನಿಸಬೇಕಾಗುತ್ತದೆ.