ಪಂಕ್ತಿಯಲ್ಲೊಂದು ಸ್ಥಳ

ಅತಿಥಿಯನ್ನು ಊಟಕ್ಕೆ ಕರೆಯುವುದು ನಮ್ಮ ಜನಕ್ಕೆ ಯಾರೂ ಕಲಿಸಿಕೊಡಬೇಕಾದ ವಿದ್ಯೆಯಲ್ಲ. ಬೇಲೂರು ತಾಲ್ಲೂಕಿನ ನಮ್ಮ ಮಾದಿಹಳ್ಳಿಯಲ್ಲಿ, ದಾರಿಯಲ್ಲಿ ಕಂಡ ಪರಿಚಿತನನ್ನು 'ಊಟವಾಯಿತೆ?' ಎಂದು ಕೇಳದೆ ಮಾತು ಮುಂದುವರಿಯುವುದೇ ಇಲ್ಲ. ಆದರೆ ಕರೆಯುವುದು ಬೇರೆ. ಕರೆಸಿಕೊಂಡವನು ಬಂದು, ಕುಳಿತು, ನೆಮ್ಮದಿಯಾಗಿ ಉಣ್ಣುವಂತೆ ಮಾಡುವುದು ಬೇರೆ. ಇವೆರಡರ ನಡುವೆ ಎಷ್ಟು ಅಂತರವಿದೆಯೆಂಬುದು ಅರುವತ್ತು ದಾಟಿದ ಮೇಲೆ, ಅದೂ ಒಬ್ಬ ಸ್ನೇಹಿತನ ದೆಸೆಯಿಂದ, ನನಗೆ ತಿಳಿದುಬಂದಿತು.

ಈ ಸ್ನೇಹಿತ ಹಾಸನದಲ್ಲಿ ನನ್ನೊಡನೆ ಓದಿದವನು. ಎಳೆತನದಲ್ಲಿಯೇ ಪೋಲಿಯೊ ತಗುಲಿ ಅವನ ಎರಡು ಕಾಲುಗಳೂ ಬಲ ಕಳೆದುಕೊಂಡಿದ್ದವು. ಆ ಕಾಲದಲ್ಲಿ ಊರುಗೋಲುಗಳ ಮೇಲೆ ನನಗಿಂತ ಚುರುಕಾಗಿ ನಡೆಯುತ್ತಿದ್ದ. ತಿಂಗಳ ಕೊನೆಯಲ್ಲಿ ನನ್ನ ಕೈ ಬರಿದಾದಾಗ ಹೋಟೆಲಿನಲ್ಲಿ ನನ್ನ ಪಾಲಿನ ಊಟದ ದುಡ್ಡನ್ನು ಕೊಡುತ್ತಿದ್ದವನೂ ಅವನೇ. ಭಾರತದಲ್ಲಿ ಪೋಲಿಯೊ ರೋಗದ ಕಡೆಯ ಪ್ರಕರಣ ಕಂಡುಬಂದುದು 2011ರ ಜನವರಿಯಲ್ಲಿ. 2014ರ ಮಾರ್ಚಿಯಲ್ಲಿ ದೇಶವು ಆ ರೋಗದಿಂದ ಮುಕ್ತವಾಯಿತೆಂದು ಘೋಷಣೆಯಾಯಿತು. ರೋಗವೇನೋ ಹೋಯಿತು; ಅದು ಮುಟ್ಟಿಹೋದವರು ನಮ್ಮ ನಡುವೆಯೇ ವೃದ್ಧರಾಗುತ್ತಿದ್ದಾರೆ. ಒಮ್ಮೆ ಪೋಲಿಯೊ ಬಂದವರಿಗೆ ದಶಕಗಳು ಕಳೆದ ಮೇಲೆ ಸ್ನಾಯುಗಳು ಮತ್ತೆ ಸೋಲುವುದುಂಟು. ನನ್ನ ಸ್ನೇಹಿತನಿಗೂ ಹಾಗೆಯೇ ಆಗಿ ಊರುಗೋಲು ಹೋಗಿ ಗಾಲಿಕುರ್ಚಿ ಬಂದಿದೆ, ಕೈಗಳೂ ದಣಿಯುತ್ತವೆ, ತುತ್ತು ನಿಧಾನವಾಗಿದೆ.

2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇವಾಲಯಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವಷ್ಟೆ. ಅಂದಿನಿಂದ ಅವನಿಗೆ ಈ ಕಡೆ ಒಮ್ಮೆ ಬಂದುಹೋಗಬೇಕೆಂಬ ಆಸೆ. ಕಡೆಗೊಮ್ಮೆ ದಿನ ಗೊತ್ತಾಯಿತು. ತಂಗುವುದು ನಮ್ಮ ಮನೆಯಲ್ಲಿ. ಒಂದು ರಾತ್ರಿಯ ಊಟ ಮಾತ್ರ ಹೊರಗೆ, ಹೋಟೆಲಿನಲ್ಲಿ, ನನ್ನ ಖರ್ಚಿನಲ್ಲಿ ಎಂದು ನಾನು ಹಟ ಹಿಡಿದೆ. ಹಳೆಯ ಋಣವನ್ನು ಅಷ್ಟಾದರೂ ತೀರಿಸಬೇಕಾಗಿತ್ತು. 'ಮೆಟ್ಟಿಲಿದ್ದರೆ ಏನಾಯಿತು? ನಾಲ್ವರು ಹಿಡಿದು ಕುರ್ಚಿಯ ಸಮೇತ ಎತ್ತಿಬಿಡುತ್ತೇವೆ, ಬಾ' ಎಂದು ದೂರವಾಣಿಯಲ್ಲಿ ಉತ್ಸಾಹದಿಂದ ಹೇಳಿದೆ. ಅವನು ಒಂದು ಕ್ಷಣ ಸುಮ್ಮನಿದ್ದು, 'ಹಾಗಾದರೆ ಮನೆಯಲ್ಲೇ ಉಣ್ಣೋಣ, ಬಿಡೋ' ಎಂದ.

ಆ ಮಾತಿನ ಅರ್ಥ ನನಗೆ ಆಗಲೇ ಹೊಳೆಯಲಿಲ್ಲ. ಒಳ್ಳೆಯ ಹೋಟೆಲನ್ನು ಹುಡುಕಿಟ್ಟರೆ ಒಪ್ಪಿಯಾನು ಎಂದುಕೊಂಡು, ಅವನು ಬರುವುದಕ್ಕೆ ಮೂರು ದಿನ ಮೊದಲು ಸ್ಕೂಟರ್ ಹತ್ತಿ ಹೊರಟೆ. ವರ್ಷಗಟ್ಟಲೆ ನಾನು ಕಾಫಿ ಕುಡಿದ ಹೋಟೆಲುಗಳೇ ಅವು. ಆದರೂ ಆ ದಿನ ಅವನ್ನು ಮೊದಲ ಸಲ ನೋಡಿದೆನೆಂದು ಹೇಳಬೇಕು. ರುಚಿಗೆ ಹೆಸರಾದ ಒಂದು ಹೋಟೆಲಿಗೆ, ಚರಂಡಿಯ ಮೇಲಿನ ಚಪ್ಪಡಿಯನ್ನು ದಾಟಿದರೆ ಐದು ಮೆಟ್ಟಿಲು. ಇನ್ನೊಂದು ನೆಲಮಟ್ಟದಲ್ಲಿಯೇ ಇತ್ತು. ಆದರೆ ಅಲ್ಲಿ ಕುರ್ಚಿಗಳೇ ಇಲ್ಲ. 1980ರ ದಶಕದಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ದರ್ಶಿನಿಯ ಪದ್ಧತಿ ಈಗ ನಾಡಿನ ಮೂಲೆಮೂಲೆಗೂ ಬಂದಿದೆ: ಎದೆಮಟ್ಟದ ಮೇಜು, ನಿಂತು ತಿನ್ನುವವರ ಸಾಲು. ಕುಳಿತವನ ತಲೆಗಿಂತ ತಟ್ಟೆಯೇ ಎತ್ತರ. ಮೂರನೆಯದರಲ್ಲಿ 'ಕುಟುಂಬದವರಿಗೆ' ಮೀಸಲಾದ ಕೋಣೆ ಮಹಡಿಯ ಮೇಲೆ. ನಾಲ್ಕನೆಯದಕ್ಕೆ ಹಿಂಬದಿಯಲ್ಲಿ ಅಚ್ಚುಕಟ್ಟಾದ ಇಳಿಜಾರು ಇತ್ತು. ಸಂತೋಷದಿಂದ ವಿಚಾರಿಸಿದರೆ, ಅದು ಅಕ್ಕಿಯ ಮೂಟೆ, ಅನಿಲದ ಸಿಲಿಂಡರುಗಳನ್ನು ತಳ್ಳಿಕೊಂಡು ಅಡಿಗೆಮನೆಗೆ ಹೋಗುವ ದಾರಿ ಎಂದರು. ಮೂಟೆಗೆ ಸಲ್ಲುವ ಮರ್ಯಾದೆ ಮನುಷ್ಯನಿಗೆ ಸಲ್ಲದೆ ಹೋಯಿತಲ್ಲ ಎಂದು ನೋವಾಯಿತು.

ಹಳೇಬೀಡಿನ ಕಡೆಯಿಂದ ಮರಳುವಾಗ, ಮನೆಯ ಮುಂಭಾಗವನ್ನೇ ಊಟದ ಹೋಟೆಲಾಗಿ ಮಾಡಿಕೊಂಡಿದ್ದ ಒಬ್ಬ ಹೆಂಗಸಿನ ಬಳಿ ನಿಂತೆ. ನಾಲ್ಕು ಮೇಜು, ಎಂಟು ಬೆಂಚು. ಅಂಗಳಕ್ಕೂ ಒಳನೆಲಕ್ಕೂ ಹೆಚ್ಚುಕಡಿಮೆಯಿಲ್ಲ. ವಿಷಯ ತಿಳಿಸಿದೆ. ಆಕೆ ಕೇಳಿದ್ದು ಒಂದೇ ಪ್ರಶ್ನೆ: 'ಅವರು ಕುರ್ಚಿಯಲ್ಲೇ ಕೂತು ಉಣ್ತಾರೋ, ಬೆಂಚಿಗೆ ಬದಲಾಯಿಸ್ಕೋತಾರೋ ಮೇಷ್ಟ್ರೆ?'

ನಾನು ತಬ್ಬಿಬ್ಬಾದೆ. ನನಗೆ ಗೊತ್ತಿರಲಿಲ್ಲ. ನಲವತ್ತು ವರ್ಷದ ಸ್ನೇಹ. ಮೂರು ದಿನಗಳ ಚಿಂತೆ. ಐದಾರು ಹೋಟೆಲುಗಳ ತಪಾಸಣೆ. ಆದರೆ ಯಾರಿಗಾಗಿ ಇಷ್ಟೆಲ್ಲ ಮಾಡುತ್ತಿದ್ದೆನೋ ಅವನನ್ನು ಒಂದು ಮಾತು ಕೇಳಿರಲಿಲ್ಲ. ಅಲ್ಲಿಯೇ ನಿಂತು ಅವನನ್ನು ದೂರವಾಣಿಯಲ್ಲಿ ಕರೆದೆ.

ಅವನು ಮೊದಲು ನಕ್ಕ. ಆಮೇಲೆ ಸಾವಧಾನವಾಗಿ ಹೇಳತೊಡಗಿದ. 'ನನ್ನನ್ನು ಎತ್ತಿದವರೆಲ್ಲ ಒಳ್ಳೆಯವರೇ ಕಣೋ. ಆದರೆ ಎತ್ತಿದೊಡನೆ ಇಡೀ ಹೋಟೆಲು ತಿರುಗಿ ನೋಡುತ್ತದೆ. ಅಲ್ಲಿಂದ ಮುಂದೆ ನಾನು ಊಟಕ್ಕೆ ಬಂದವನಲ್ಲ, ಹೊತ್ತು ತಂದವನು. ಎತ್ತಿದವರು ಕೈಜಾರಿ ಬೀಳಿಸಿದ್ದೂ ಉಂಟು; ಆಗಲೂ ಧನ್ಯವಾದ ಹೇಳಬೇಕಾದವನು ನಾನೇ. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಹೊರಗೆ ಊಟಕ್ಕೆ ಹೋಗುವ ದಿನ ನಾನು ಮಧ್ಯಾಹ್ನದಿಂದಲೇ ನೀರು ಕುಡಿಯುವುದಿಲ್ಲ. ಶೌಚದ ಕೋಣೆಗೆ ಕುರ್ಚಿ ಹೋಗುತ್ತದೆಯೋ ಇಲ್ಲವೋ ಎಂಬುದು ತಿಳಿಯದು ನೋಡು.'

ಈ ಕಡೆಯ ಮಾತು ನನ್ನನ್ನು ನಾಚಿಸಿತು. ಕಾಲೇಜಿನ ದಿನಗಳಲ್ಲಿ ನಾವು ಕೂಡಿ ಉಂಡ ಊಟಗಳಿಗೆ ಲೆಕ್ಕವಿಲ್ಲ. ಅವುಗಳಲ್ಲಿ ಎಷ್ಟು ಊಟಗಳಿಗೆ ಅವನು ಬಾಯಾರಿಕೊಂಡು ಬಂದಿದ್ದನೋ, ಎದುರಿಗೆ ಕುಳಿತು ಹರಟೆ ಹೊಡೆಯುತ್ತಿದ್ದ ನನಗೆ ಕಾಣಲೇ ಇಲ್ಲ.

ಅವನು ಹೇಳಿದ್ದನ್ನು ಸಂಗ್ರಹಿಸಿದರೆ ನಾಲ್ಕು ಪ್ರಶ್ನೆಗಳಾಗುತ್ತವೆ. ಬೀದಿಯಿಂದ ಮೇಜಿನವರೆಗೆ ಎಷ್ಟು ಮೆಟ್ಟಿಲು? ('ಒಂದೇ ಒಂದು' ಎಂಬ ಉತ್ತರ 'ಇಲ್ಲ' ಎಂಬುದಕ್ಕೆ ಸಮನಾಗದು.) ಬಾಗಿಲುಗಳು, ವಿಶೇಷವಾಗಿ ಶೌಚದ ಕೋಣೆಯ ಬಾಗಿಲು, ಎಷ್ಟು ಅಗಲ, ಒಳಗೆ ಕಮೋಡು ಇದೆಯೆ? ಮೇಜಿನ ಕೆಳಗೆ ಮೊಣಕಾಲು ತೂರುವಷ್ಟು ಜಾಗವಿದೆಯೆ? ಮತ್ತು, ಯಾವ ಹೊತ್ತಿನಲ್ಲಿ ಜನ ಕಡಿಮೆ? ನಾಲ್ಕನೆಯ ಪ್ರಶ್ನೆ ನನಗೆ ಎಂದೂ ತೋಚುತ್ತಿರಲಿಲ್ಲ. ನಿಧಾನವಾಗಿ ಉಣ್ಣುವವನ ಬೆನ್ನ ಹಿಂದೆ, ಅವನು ಏಳುವುದನ್ನೇ ಕಾಯುತ್ತ ಇಬ್ಬರು ನಿಂತರೆ, ತುತ್ತು ಗಂಟಲಲ್ಲಿ ಇಳಿಯುವುದೆ? ಹೋಟೆಲಿನ ನೆಮ್ಮದಿಯೆಂಬುದು ಜಾಗಕ್ಕೆ ಎಷ್ಟು ಸೇರಿದ್ದೋ ಹೊತ್ತಿಗೂ ಅಷ್ಟೇ ಸೇರಿದ್ದು.

ಇದು ಒಬ್ಬ ಸ್ನೇಹಿತನ ಮಾತಾದರೂ ಒಬ್ಬನಿಗೇ ಮುಗಿಯುವಂಥದಲ್ಲ. 2011ರ ಜನಗಣತಿಯ ಪ್ರಕಾರ ಕರ್ನಾಟಕವೊಂದರಲ್ಲಿಯೇ ಅಂಗವಿಕಲರ ಸಂಖ್ಯೆ 13 ಲಕ್ಷಕ್ಕೂ ಹೆಚ್ಚು. ದೇಶದಲ್ಲಿ 2 ಕೋಟಿ 68 ಲಕ್ಷ. ಮುಪ್ಪಿನಿಂದ ಮಂಡಿ ಸೋತವರೆಲ್ಲರೂ ಈ ಲೆಕ್ಕದಲ್ಲಿ ಸೇರಿರಲಾರರು.

ನಮ್ಮ ಹೋಟೆಲುಗಳ ಇತಿಹಾಸವನ್ನು ಬಲ್ಲವರಿಗೆ, ಬಾಗಿಲಲ್ಲಿ ಜನರನ್ನು ವಿಂಗಡಿಸುವುದು ಹೊಸದೆನಿಸದು. ಜಾತಿಗೊಂದು ಕೋಣೆ, ಜಾತಿಗೊಂದು ಪಂಕ್ತಿ ಇದ್ದ ಕಾಲ ತೀರ ದೂರದ್ದಲ್ಲ. ಅದನ್ನು ಮನಗಂಡೇ ನಮ್ಮ ಸಂವಿಧಾನದ 15ನೆಯ ವಿಧಿ ಅಂಗಡಿ, ಊಟದ ಹೋಟೆಲುಗಳ ಹೆಸರನ್ನೆತ್ತಿ, ಧರ್ಮ, ಜನಾಂಗ, ಜಾತಿ, ಲಿಂಗ, ಜನ್ಮಸ್ಥಳಗಳ ಕಾರಣದಿಂದ ಯಾರನ್ನೂ ಅಲ್ಲಿ ತಡೆಯಕೂಡದೆಂದು ವಿಧಿಸಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಅಂಥ ತಡೆಯನ್ನು ಶಿಕ್ಷಾರ್ಹವಾಗಿಸಿತು. ಹೋಟೆಲಿನ ಮೇಜು ಸಮಾನತೆಯ ಒಂದು ಸಣ್ಣ ಪಾಠಶಾಲೆಯೆಂಬುದನ್ನು ರಾಷ್ಟ್ರ ಅಂದೇ ಕಂಡುಕೊಂಡಿತ್ತು. ಆದರೆ ಆ ಐದು ಕಾರಣಗಳ ಪಟ್ಟಿಯಲ್ಲಿ ದೇಹದ ಹೆಸರು ಇರಲಿಲ್ಲ. ಅದು ಬರಲು ಬಹಳ ಕಾಲ ಹಿಡಿಯಿತು. 1995ರ ಕಾಯಿದೆಯ ಸ್ಥಾನದಲ್ಲಿ ಬಂದ 2016ರ ಅಂಗವಿಕಲರ ಹಕ್ಕುಗಳ ಕಾಯಿದೆ, ಸಾರ್ವಜನಿಕರು ಬಳಸುವ ಕಟ್ಟಡ ಖಾಸಗಿಯವರದಾದರೂ ಅದು ಸಾರ್ವಜನಿಕ ಕಟ್ಟಡವೇ ಎಂದು ಹೇಳಿತು. ಹಳೆಯ ಕಟ್ಟಡಗಳನ್ನು ಸರಿಪಡಿಸಲು 5 ವರ್ಷಗಳ ಅವಧಿ ಕೊಟ್ಟಿತು. ನಿಯಮಗಳು ಹೊರಟದ್ದು 2017ರ ಜೂನಿನಲ್ಲಿ. ಆ 5 ವರ್ಷ 2022ರಲ್ಲಿಯೇ ತುಂಬಿತು. 2024ರ ನವೆಂಬರ್ 8ರಂದು ಸರ್ವೋಚ್ಚ ನ್ಯಾಯಾಲಯ, ರಾಜೀವ್ ರತೂರಿಯವರು 2005ರಲ್ಲಿ ಹೂಡಿದ್ದ ಮೊಕದ್ದಮೆಯಲ್ಲಿ ತೀರ್ಪು ಕೊಡುತ್ತ, ಈ ವಿಷಯದ ನಿಯಮ ಬರಿಯ ಸಲಹೆಯಂತಿದ್ದರೆ ಸಾಲದು, ಕಡ್ಡಾಯವಾಗಬೇಕು ಎಂದಿತು. ದೃಷ್ಟಿಯಿಲ್ಲದ ಒಬ್ಬ ಪ್ರಜೆ ಇಷ್ಟನ್ನು ಹೇಳಿಸಿಕೊಳ್ಳಲು 19 ವರ್ಷ ಕಾಯಬೇಕಾಯಿತು.

ಸಣ್ಣ ಹೋಟೆಲು ನಡೆಸುವವರ ಕಷ್ಟವನ್ನೂ ಮರೆಯಲಾಗದು. ಗಾಲಿಕುರ್ಚಿಯ ಇಳಿಜಾರಿಗೆ ಒಪ್ಪಿಕೊಂಡ ಲೆಕ್ಕ ಹನ್ನೆರಡಕ್ಕೆ ಒಂದು. ಆರು ಅಂಗುಲದ ಒಂದು ಮೆಟ್ಟಿಲಿಗೆ ಆರು ಅಡಿ ಉದ್ದದ ಇಳಿಜಾರು ಬೇಕು. ಮೂರು ಮೆಟ್ಟಿಲಿಗೆ ಹದಿನೆಂಟು ಅಡಿ. ಪೇಟೆಬೀದಿಯ ಅಂಗಡಿಯವನು ಹದಿನೆಂಟು ಅಡಿಯನ್ನು ಎಲ್ಲಿಂದ ತಂದಾನು? ಆದರೆ ಇದೇ ಲೆಕ್ಕ ಇನ್ನೊಂದು ಸತ್ಯವನ್ನೂ ಹೇಳುತ್ತದೆ: ಕಟ್ಟುವಾಗ ನೆಲವನ್ನು ತಗ್ಗಿಸಿದರೆ ಖರ್ಚಿಲ್ಲ, ಕಟ್ಟಿದ ಮೇಲೆ ತಿದ್ದುವುದೇ ದುಬಾರಿ. ಬಾಗಿಲನ್ನು ಮೂರು ಅಡಿ ಅಗಲ ಇಡುವುದಕ್ಕೂ ಎರಡು ಅಡಿ ಇಡುವುದಕ್ಕೂ ಗಾರೆಯವನು ಬೇರೆ ಕೂಲಿ ಕೇಳುವುದಿಲ್ಲ. ಬೇಲೂರಿನ ಜಗತಿಯ ಎತ್ತರವನ್ನು ಕುರಿತು, 1117ರಲ್ಲಿ ಪ್ರತಿಷ್ಠೆಯಾದ ಗುಡಿಯ ಶಿಲ್ಪಿಗಳೊಡನೆ ನಾವು ಇಂದು ಜಗಳವಾಡಲಾರೆವು. ಕಳೆದ ವರ್ಷ ಕಟ್ಟಿದ ಹೋಟೆಲಿನ ಮೆಟ್ಟಿಲುಗಳಿಗೆ ಆ ರಿಯಾಯತಿ ಸಲ್ಲದು.

ಅಂಗವಿಕಲರು ಬಂದು ಉಣ್ಣುವವರು ಮಾತ್ರವೆಂದೂ ತಿಳಿಯಬೇಕಾಗಿಲ್ಲ. 2017ರಲ್ಲಿ ನಮ್ಮ ಹುಬ್ಬಳ್ಳಿಯಲ್ಲಿಯೇ ಮೊದಲಾದ 'ಮಿಟ್ಟಿ ಕೆಫೆ'ಯನ್ನು ನಡೆಸುವವರು, ಬಡಿಸುವವರು ಅಂಗವಿಕಲರೇ. 2023ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯದ ಆವರಣದಲ್ಲಿಯೂ ಅದರ ಒಂದು ಶಾಖೆ ತೆರೆಯಿತು. ಎತ್ತಿಕೊಂಡು ಬರಬೇಕಾದವರು ಎಂದು ನಾವು ತಿಳಿದವರು, ಅಡ್ಡಿಯಿಲ್ಲದ ಕಡೆ, ನಮಗೇ ಎಲೆ ಹಾಕಿ ಬಡಿಸಬಲ್ಲರು.

ಇನ್ನು ನಮ್ಮ ಊಟದ ಕತೆ. ರಸ್ತೆಬದಿಯ ಆ ಮನೆಯ ಹೋಟೆಲಿಗೇ ಹೋದೆವು. ಆಕೆಯ ಅತ್ತೆಗೆ ಲಕ್ವ ಹೊಡೆದು ಕೆಲವು ವರ್ಷಗಳಾಗಿದ್ದವಂತೆ. ಅವರಿಗಾಗಿ ಒಳಗಿನ ಶೌಚದ ಕೋಣೆಯ ಬಾಗಿಲನ್ನು ಅಗಲಿಸಿ, ಕಮೋಡು ಕೂರಿಸಿ, ಹಿಡಿದುಕೊಳ್ಳಲು ಗೋಡೆಗೆ ಕಂಬಿ ಹಾಕಿಸಿದ್ದರು. ಜನ ಸೇರುವ ಮೊದಲೇ, ಏಳು ಗಂಟೆಗೆ ನಾವು ಹೋದೆವು. ಆಕೆ ಒಂದು ಬೆಂಚನ್ನು ಗೋಡೆಗೆ ಸರಿಸಿದ್ದರು. ನನ್ನ ಸ್ನೇಹಿತ ತನ್ನ ಕುರ್ಚಿಯನ್ನು ತಾನೇ ಉರುಳಿಸಿಕೊಂಡು ಬಂದು ಮೇಜಿಗೆ ಸೇರಿದ. ಒಬ್ಬರೂ ತಿರುಗಿ ನೋಡಲಿಲ್ಲ. ಮುದ್ದೆ, ಹುರುಳಿಕಾಳಿನ ಸಾರು, ಆಮೇಲೆ ಅನ್ನ, ಮಜ್ಜಿಗೆ. ಮಾತು ಹಾಸನದ ದಿನಗಳಿಗೆ ಹೋಯಿತು. ಅವನು ಉಂಡು ಮುಗಿಸಲು ಒಂದು ಗಂಟೆ ಹಿಡಿಯಿತು, ಯಾರೂ ಅವಸರಪಡಿಸಲಿಲ್ಲ. ಊಟದ ನಡುವೆ ಅವನು ಕೈಚಾಚಿ ಚೊಂಬನ್ನು ತೆಗೆದುಕೊಂಡು ಲೋಟಕ್ಕೆ ನೀರು ಬಗ್ಗಿಸಿಕೊಂಡು ಕುಡಿದ; ಇನ್ನೊಂದು ಲೋಟ ಬಗ್ಗಿಸಿಕೊಂಡ. ಆ ಎರಡನೆಯ ಲೋಟವನ್ನು ನೋಡಿದಾಗ ನನಗೆ ಆದ ಸಂತೋಷವನ್ನು ಎಷ್ಟು ಹೇಳಿದರೂ ಕಡಿಮೆಯೇ.

ದುಡ್ಡು ಕೊಡಲು ನಾನು ಎದ್ದಾಗ ಅವನು ಅದನ್ನು ಆಗಲೇ ಕೊಟ್ಟಿದ್ದನೆಂದು ತಿಳಿಯಿತು. ನಾನು ಶೌಚದ ಕೋಣೆಯ ಕಡೆಯ ತೊಟ್ಟಿಯಲ್ಲಿ ಕೈ ತೊಳೆಯಲು ಹೋದಾಗ, ಕುರ್ಚಿಯನ್ನು ಗಲ್ಲಾದವರೆಗೆ ತಾನೇ ಉರುಳಿಸಿಕೊಂಡು ಹೋಗಿಬಂದಿದ್ದ. ಮೆಟ್ಟಿಲಿಲ್ಲದ ಕಡೆ ಅವನನ್ನು ತಡೆಯುವುದು ನನ್ನಿಂದ ಸಾಧ್ಯವಿರಲಿಲ್ಲ. ಹೀಗಾಗಿ ನನ್ನ ಋಣ ಇನ್ನೂ ಹಾಗೆಯೇ ಉಳಿದಿದೆ.

ಈ ಪುಟವನ್ನು ಓದುವವರಲ್ಲಿ ಉಪಾಧ್ಯಾಯರೂ ವಿದ್ಯಾರ್ಥಿಗಳೂ ಬಹುಮಂದಿ. ವಾರ್ಷಿಕೋತ್ಸವ, ಸಾಹಿತ್ಯಗೋಷ್ಠಿ, ಬೀಳ್ಕೊಡುಗೆಯ ಊಟ, ಇವುಗಳ ಏರ್ಪಾಡು ಅವರ ಕೈಯಲ್ಲೇ ಇರುತ್ತದೆ. ಮುಂದಿನ ಸಲ ಸ್ಥಳವನ್ನು ಗೊತ್ತುಮಾಡುವಾಗ, ಅಡಿಗೆ ಹೇಗಿದೆ ಎಂದು ವಿಚಾರಿಸುವುದಕ್ಕೆ ಮೊದಲು ಮೆಟ್ಟಿಲೆಷ್ಟು ಎಂದು ಎಣಿಸಬೇಕು; ಅದಕ್ಕೂ ಮೊದಲು, ಬರಬೇಕಾದವರನ್ನು ಕೇಳಬೇಕು. ನಮ್ಮಲ್ಲಿ ಔದಾರ್ಯಕ್ಕೆ ಕೊರತೆಯಿಲ್ಲ. ನಾಲ್ವರು ಸೇರಿ ಮನುಷ್ಯನನ್ನು ಎತ್ತಲು ನಾವು ಸದಾ ಸಿದ್ಧರು. ಆ ನಾಲ್ವರೇ ಸೇರಿ ಒಂದು ದಿನ ಮೆಟ್ಟಿಲಿನ ಕಲ್ಲನ್ನು ಎತ್ತಿಹಾಕಿದರೆ, ಆಮೇಲೆ ಯಾರನ್ನೂ ಎತ್ತಬೇಕಾಗಿ ಬರುವುದಿಲ್ಲ.