ಕಾಲುವೆ ಬಂತು, ಹೊಲಗಾಲುವೆ ಬರಲಿಲ್ಲ



ನಾರಾಯಣಪುರದಲ್ಲಿ ನೀರು ಬಿಟ್ಟರೆಂದು ಪತ್ರಿಕೆಯಲ್ಲಿ ಸುದ್ದಿ ಬರುತ್ತದೆ. ಜೇವರ್ಗಿ ಶಾಖಾ ಕಾಲುವೆಯ ಕೊನೆಯಲ್ಲಿ ಹೊಲವಿರುವ ರೈತನಿಗೆ ಆ ನೀರು ಮುಟ್ಟುವುದು ಬೇರೆಯೇ ಮಾತು. ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಹಳ್ಳಿಗಳ ಇಂಟರ್‌ನೆಟ್ಟಿನ ಕಥೆಯೂ ಇದೇ.

ಪಂಚಾಯಿತಿಗಳಿಗೆಲ್ಲ ಆಪ್ಟಿಕಲ್ ಫೈಬರ್ ಎಳೆಯುವ ಯೋಜನೆಗೆ ಕೇಂದ್ರ ಸರ್ಕಾರ 2011ರ ಅಕ್ಟೋಬರಿನಲ್ಲಿ ಒಪ್ಪಿಗೆ ಕೊಟ್ಟಿತು. ಮುಂದೆ ಅದಕ್ಕೆ ಭಾರತ್‌ನೆಟ್ ಎಂದು ಹೆಸರಾಯಿತು. ಆಗಿನ ವಿನ್ಯಾಸದಲ್ಲಿ ಬ್ಲಾಕ್ ಕೇಂದ್ರದಿಂದ ಪಂಚಾಯಿತಿ ಕಟ್ಟಡಕ್ಕೆ ಇದ್ದದ್ದು ಒಂದೇ ದಾರಿ. ನಡುವೆ ತುಂಡಾದರೆ ಅದರಾಚೆಯ ಊರುಗಳಿಗೆ ಸಂಪರ್ಕವಿಲ್ಲ. ಅಲ್ಲಿಂದ ಶಾಲೆಗೆ, ದವಾಖಾನೆಗೆ, ಮನೆಗೆ ಒಯ್ಯುವ ಹೊಣೆ ಯಾರದೆಂಬುದು ಬಹುಕಾಲ ತೀರ್ಮಾನವಾಗಲೇ ಇಲ್ಲ. ಮುಖ್ಯ ಕಾಲುವೆ ತೋಡಿ ಹೊಲಗಾಲುವೆ ಮರೆತಂತಾಯಿತು.

ಫೈಬರ್ ಎಂದರೆ ಕೂದಲೆಳೆಯಷ್ಟು ಗಾಜು. ನಮ್ಮ ಎರೆಭೂಮಿ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ಇಳಿಯುವಷ್ಟು ಬಿರಿಯುತ್ತದೆ. ಮೇಲ್ಮೇಲೆ ಹೂತ ಪೈಪನ್ನು ಅದು ಜಗ್ಗಾಡದೆ ಬಿಡದು. ಅದಕ್ಕಿಂತ ದೊಡ್ಡ ಶತ್ರು ಜೆಸಿಬಿ. ರಸ್ತೆ ಅಗಲ ಮಾಡುವಾಗ, ನಲ್ಲಿ ಪೈಪು ಹಾಕುವಾಗ ಕೇಬಲ್ ಕಡಿಯುತ್ತದೆ; ಕಡಿದವರು ಮಣ್ಣು ಮುಚ್ಚಿ ಮುಂದೆ ಹೋಗುತ್ತಾರೆ. ನಾನೂ ಇದರಿಂದ ಹೊರತಲ್ಲ. ನೌಕರಿಯಲ್ಲಿದ್ದಾಗ ಕೆಳಗೆ ಏನಿದೆಯೆಂದು ಕೇಳದೆ ರಸ್ತೆ ಅಗೆಯುವ ಕಾಗದಗಳಿಗೆ ಸಹಿ ಹಾಕಿದ್ದೇನೆ.

ಇದರ ಪೆಟ್ಟು ಬೀಳುವುದು ಬಡವರಿಗೆ. ಉದ್ಯೋಗ ಖಾತ್ರಿ ಕೂಲಿಯ ಹಾಜರಿ 2023ರ ಜನವರಿಯಿಂದ ಮೊಬೈಲ್ ಆ್ಯಪಿನಲ್ಲೇ ಹಾಕುವುದು ಕಡ್ಡಾಯವಾಯಿತು. ಪಡಿತರಕ್ಕೆ ಹೆಬ್ಬೆಟ್ಟು, ಪಿಂಚಣಿಗೆ ಹೆಬ್ಬೆಟ್ಟು, ಪಹಣಿಗೆ ನೆಟ್. "ನೆಟ್ ಇಲ್ಲವ್ವ, ನಾಳೆ ಬಾ" ಎಂದರೆ ಆ ತಾಯಿಯ ಒಂದು ದಿನದ ಕೂಲಿ ಹೋಯಿತು.

ಖಾಸಗಿಯವರನ್ನು ಕೂಡಿಸಿಕೊಂಡರೆ ಎಲ್ಲ ಸರಿಹೋಗುತ್ತದೆ ಎಂಬ ಮಾತಿದೆ. ಅದನ್ನೂ ನೋಡಿಯಾಗಿದೆ. 2021ರ ಜೂನ್ 30ರಂದು ಕರ್ನಾಟಕವೂ ಸೇರಿ 16 ರಾಜ್ಯಗಳಿಗೆ ಸರ್ಕಾರಿ-ಖಾಸಗಿ ಸಹಭಾಗಿತ್ವಕ್ಕೆ ಸಂಪುಟ ಒಪ್ಪಿತು. ನಷ್ಟ ತುಂಬಲು ಗರಿಷ್ಠ 19,041 ಕೋಟಿ ರೂಪಾಯಿ, 30 ವರ್ಷದ ಗುತ್ತಿಗೆ. ಕಂಪನಿಗಳು ಮುಂದೆ ಬರಲಿಲ್ಲ, ಟೆಂಡರ್ ಕೈಬಿಟ್ಟರು. ನನಗೇನೂ ಆಶ್ಚರ್ಯವಾಗಲಿಲ್ಲ. ಹಳೆಯ ಕೇಬಲ್ಲಿನ ಸ್ಥಿತಿ ಹೇಗಿದೆಯೋ, ಹಳ್ಳಿಯಲ್ಲಿ ತಿಂಗಳಿಗೆ ಎಷ್ಟು ಜನ ದುಡ್ಡು ಕಟ್ಟುವರೋ ತಿಳಿಯದೆ 30 ವರ್ಷಕ್ಕೆ ಯಾವ ವ್ಯಾಪಾರಿ ಕೈ ಹಾಕುತ್ತಾನೆ?

ಆಮೇಲೆ 2023ರ ಆಗಸ್ಟಿನಲ್ಲಿ 1,39,579 ಕೋಟಿ ರೂಪಾಯಿಯ ತಿದ್ದುಪಡಿ ಯೋಜನೆ ಬಂತು. ಇದರಲ್ಲಿ ಹಣ ಸರ್ಕಾರದ್ದು. ಗುತ್ತಿಗೆದಾರ 3 ವರ್ಷದಲ್ಲಿ ಕಟ್ಟಿ 10 ವರ್ಷ ನಿರ್ವಹಿಸಬೇಕು. ಕೇಬಲ್ ಉಂಗುರದಂತೆ ಸುತ್ತಿಬರುವುದರಿಂದ ಒಂದು ಕಡೆ ಕಡಿದರೆ ಇನ್ನೊಂದು ಕಡೆಯಿಂದ ಸಂಪರ್ಕ ಉಳಿಯುತ್ತದೆ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿಯ ದಡದ ಊರುಗಳಿಗೆ ನುಗ್ಗಿದ್ದನ್ನು ಕಂಡವರಿಗೆ ಎರಡನೆಯ ದಾರಿಯ ಬೆಲೆ ಗೊತ್ತು.

ಸಹಭಾಗಿತ್ವ ಹೀಗಿರಲಿ ಎಂಬುದು ನಮ್ಮ ನಿಲುವು. ಕೇಬಲ್ ಸಾರ್ವಜನಿಕ ಆಸ್ತಿಯಾಗಿಯೇ ಉಳಿಯಲಿ. ಹೂತ ಕಿಲೋಮೀಟರ್ ಲೆಕ್ಕಕ್ಕಲ್ಲ, ನೆಟ್ ನಡೆದ ದಿನಗಳ ಲೆಕ್ಕಕ್ಕೆ ಬಿಲ್ಲು ಪಾಸಾಗಲಿ. ಪಂಚಾಯಿತಿಯಿಂದ ಮನೆಗೆ ಒಯ್ಯುವ ಕೆಲಸವನ್ನು ಊರಿನ ಹುಡುಗರಿಗೇ ಕೊಡಲಿ; ಕೆಟ್ಟರೆ ಅವರ ಮನೆ ಬಾಗಿಲು ಬಡಿಯಬಹುದು. ಶುಲ್ಕದ ವಿಷಯ ದರಕ್ಕಷ್ಟೇ ಮುಗಿಯುವುದಿಲ್ಲ. ನಮ್ಮಲ್ಲಿ ದುಡ್ಡು ಕಾಣುವುದು ತೊಗರಿ ರಾಶಿಯಾದ ಮೇಲೆ, ಇಲ್ಲವೆ ಪುಣೆ, ಮುಂಬೈಗೆ ಗುಳೆ ಹೋದವರು ಕಳಿಸಿದಾಗ. ತಿಂಗಳು ತಿಂಗಳು ಕಟ್ಟು ಎಂದರೆ ಮೂರನೇ ತಿಂಗಳಿಗೆ ಸಂಪರ್ಕ ಕಡಿಯುತ್ತದೆ. ಸುಗ್ಗಿಗೆ ಒಮ್ಮೆ ಕಟ್ಟುವ ಅವಕಾಶ ಬೇಕು.

ಮಠಗಳಿಗೂ ಒಂದು ಬಿನ್ನಹವಿದೆ. ಶಾಲೆ, ಪ್ರಸಾದ ನಿಲಯ ನಡೆಸುವ ಮಠಗಳು ಮೊದಲ ಗ್ರಾಹಕರಾಗಿ ಹೆಸರು ಬರೆಸಲಿ. ಊರಲ್ಲಿ ತಪ್ಪದೆ ಹಣ ಕಟ್ಟುವ ಒಂದೆರಡು ಸಂಸ್ಥೆಗಳಿದ್ದರೆ ಆ ಹುಡುಗನ ಖರ್ಚು ಹೊರಡುತ್ತದೆ, ಉಳಿದ ಮನೆಗಳಿಗೆ ದರ ಇಳಿಸುವ ಧೈರ್ಯ ಬರುತ್ತದೆ. ಉಪಕರಣವಿಡಲು ಒಂದು ಗೋಡೆ, ಕರೆಂಟು ಹೋದಾಗ ನಡೆಸಲು ಒಂದು ಬ್ಯಾಟರಿ, ಸಂಜೆ ಮಕ್ಕಳು ಕೂತು ಓದಲು ಒಂದು ಪಡಸಾಲೆ ಕೊಡುವುದು ಮಠಕ್ಕೆ ಭಾರವಲ್ಲ.

ಮುಂದಿನ ಗ್ರಾಮಸಭೆಗೆ ಹೋದಾಗ ಪಿಡಿಒ ಅವರನ್ನು ಎರಡೇ ಪ್ರಶ್ನೆ ಕೇಳಿ: ಕಳೆದ ತಿಂಗಳು ಪಂಚಾಯಿತಿಯ ಫೈಬರ್ ಎಷ್ಟು ದಿನ ನಡೆಯಿತು? ಕೆಟ್ಟಾಗ ದೂರು ಯಾರಿಗೆ ಕೊಟ್ಟಿರಿ? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ.